ಆರನೆಯ ಕಟ್ಟು

“ಬುಡ್ರಲಾ! ಆ ಕಾಲ್ನ ಬುಡ್ರಲಾ!”

ಹೊಸ್ತಿಲು ದಾಟುವ ಮೊದಲೇ ಪುಟ್ಟಸಿದ್ದಯ್ಯ ಕೂಗಿಬಿಟ್ಟ. ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಚನ್ನಮಲ್ಲಮ್ಮನ ಹೆಣದ ಎಡ ಮೊಣಕಾಲಿನ ಮೇಲೆ ಇಬ್ಬರು ಕೈಯೂರಿ ಒತ್ತುತ್ತಿದ್ದರು. ಮೂರನೆಯವನು ಪಾದ ಹಿಡಿದು ಒಳಕ್ಕೆ ಜಗ್ಗುತ್ತಿದ್ದ. ಬಲಗಾಲು ಆಗಲೇ ಪದ್ಮಾಸನಕ್ಕೆ ಮಡಿಸಿಕೊಂಡಿತ್ತು. ಎಡಗಾಲು ಮಾತ್ರ ಜಪ್ಪಯ್ಯ ಅಂದರೂ ಬಗ್ಗದೆ ಒನಕೆಯಂತೆ ನೆಟ್ಟಗೆ ಚಾಚಿಕೊಂಡಿತ್ತು.

ಕೂಗಿಗೆ ಮೂವರೂ ಬೆಚ್ಚಿ ಕೈ ತೆಗೆದರು. ತನಗಿಂತ ಮೇಲಿನ ಮನೆಯವರನ್ನು ‘ಲಾ’ ಅಂದುಬಿಟ್ಟೆನಲ್ಲ ಎಂದು ಆಮೇಲೆ ಹೊಳೆದು ಪುಟ್ಟಸಿದ್ದಯ್ಯ ನಾಲಿಗೆ ಕಚ್ಚಿಕೊಂಡ. ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಸದ್ಯ, ಬಂದನಲ್ಲ ಅನ್ನುವ ಹಾಗೆ ಎಲ್ಲರೂ ಅವನ ಮುಖವನ್ನೇ ನೋಡಿದರು.

ಅವನು ಹನೂರಿನವನು. ಮೂಳೆ ಮುರಿದವರಿಗೆ ಕಟ್ಟು ಕಟ್ಟುವುದು ಅವನ ಮನೆಗೆ ತಾತನ ಕಾಲದಿಂದ ಬಂದದ್ದು. ಬೆಳಿಗ್ಗೆ ಕೌದಳ್ಳಿಯಿಂದ ಸೈಕಲ್ಲಿನಲ್ಲಿ ಬಂದ ಆಳು, “ಚನ್ನಮ್ಮೋರು ಓಗ್ಬುಟ್ರು. ಮೂರ್ ದಿನದ ಜ್ವರ. ಯಜಮಾನ್ರು ನಿಮ್ಮುನ್ನ ಬರೇಳವ್ರೆ” ಎಂದಷ್ಟೇ ಹೇಳಿ ಹೋಗಿದ್ದ. ಯಾಕೆ ಬರಹೇಳಿದರು ಎಂದು ಕೇಳುವಷ್ಟು ಉಸಿರು ಪುಟ್ಟಸಿದ್ದಯ್ಯನಿಗೆ ಉಳಿದಿರಲಿಲ್ಲ. ಹೆಂಡತಿ ಪುಟ್ಟಮಾದಮ್ಮ ಒಗೆದ ಪಂಚೆ ತಂದು ಕೈಗಿಟ್ಟಳು. ಮೊದಲನೆಯ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದ.

ಯಾಕೆ ಕರೆಸಿದ್ದೆಂದು ಈಗ ಗೊತ್ತಾಯಿತು. ಹೇಳಿದವನು ಸತ್ತವಳ ಚಿಕ್ಕಪ್ಪ ದೊಡ್ಡಮಾದಪ್ಪ.

“ನೋಡಪ್ಪ ಪುಟ್ಟಸಿದ್ದಯ್ಯ, ಜೀವ ಓಗಿ ಮೂರು ಗಂಟೆ ಆಯ್ತು. ಮೈ ಸೆಡ್ಕಂಡ್ರೆ ಇರೋ ಬಲಗಾಲೂ ನೆಟ್ಗಾಯ್ತದೆ. ನಮ್ಮನೇಲಿ ಇವತ್ನವರ್ಗೂ ಯಾರ್ನೂ ಮಲಗ್ಸಿ ಮಣ್ಣು ಮಾಡಿಲ್ಲ. ಕೂರ್ಸಿ, ಕಾಲ್ ಮಡ್ಸಿ, ಅಂಗೈ ಮ್ಯಾಲೆ ಲಿಂಗ ಮಡಗಿ ಕಳುಸ್ಬೇಕು. ಇವ್ಳ ಒಂದ್ ಕಾಲಿನ್ ದೆಸೆಯಿಂದ ಅದು ತಪ್ಬಾರ್ದು.”

“ಅದ್ಕೆ?”

“ಅದ್ಕೆ ಅಂದ್ರೆ? ಕಟ್ದೋನು ನೀನು. ಎಲ್ಲಿ ಏಟಾಕಿದ್ರೆ ಎಲ್ಲಿ ಬುಡ್ತದೆ ಅನ್ನೋದು ನಿಂಗಲ್ದೆ ಇನ್ಯಾರ್ಗೆ ಗೊತ್ತು? ಮೊಣಕಾಲ್ ಕೆಳೀಕೆ ಒಂದೇ ಏಟು. ಸತ್ತ ಮೈಗೇನು ನೋವದಾ?”

ಪುಟ್ಟಸಿದ್ದಯ್ಯ ಮನೆಯ ಯಜಮಾನನ ಕಡೆ ತಿರುಗಿದ. ರುದ್ರಸ್ವಾಮಿ ಸತ್ತವಳ ಅಣ್ಣ. ಕಂಬಕ್ಕೆ ಒರಗಿ ನೆಲ ನೋಡುತ್ತ ನಿಂತಿದ್ದವನು ತಲೆ ಎತ್ತದೆಯೇ ಹೇಳಿದ.

“ಬ್ಯಾರೆಯೋರ್ ಕೈ ಆಕಿದ್ರೆ ನುಜ್ಗುಜ್ಜು ಮಾಡ್ತಾರೆ. ನೀನಾದ್ರೆ ವಸಿ ಮರ್ವಾದೆಯಾಗಿ ಮಾಡ್ತೀಯ. ಅದ್ಕೇ ಕರುಸ್ದೆ.”

ಮೂಲೆಯಲ್ಲಿ ಒಂದು ಗುಂಡುಕಲ್ಲನ್ನು ತೊಳೆದು, ಮೇಲೊಂದು ಬಿಳಿ ಬಟ್ಟೆ ಹೊದಿಸಿ ಇಟ್ಟಿದ್ದರು. ಬಟ್ಟೆ ಹೊದಿಸಿದ್ದು ಯಾವ ಪುಣ್ಯಾತ್ಮನೋ. ಏಟು ಹೇಗೂ ಏಟೇ ಆದರೂ ಅಷ್ಟು ದಾಕ್ಷಿಣ್ಯ ಆ ಮನೆಯಲ್ಲಿ ಇನ್ನೂ ಉಳಿದಿತ್ತು.

ಅಂಗಳದಲ್ಲಿ ಹೆಂಗಸರು ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಬರುತ್ತಿದ್ದ ಚಿಕ್ಕನಿಂಗಮ್ಮ ಮೂಗೊರೆಸಿಕೊಂಡು ಪಕ್ಕದವಳಿಗೆ ಹೇಳುತ್ತಿದ್ದಳು.

“ಈ ಊರಲ್ಲಿ ಯಾರ್ ಮನೆ ಮದ್ವೆ ಆದ್ರೂ ಬಡ್ಸೋಳು ಅವ್ಳೇ ಕಣವ್ವ. ಪಂಗ್ತೀಲಿ ಕೂತು ಉಂಡದ್ದ ನಾನಂತೂ ಕಾಣೆ. ಕಾಲ್ ಮಡ್ಸಕಾಯ್ತಿರ್ಲಿಲ್ವಲ್ಲ. ಸೌಟು ಇಡ್ಕಂಡು ನಿಂತ್ಕಬುಡೋಳು. ನನ್ ಎಲೆ ತಾವ್ ಬಂದಾಗ ಪಾಯ್ಸ ಎಲ್ಡು ಸೌಟು ಬೀಳೋದು.”

“ಬಸ್ನಲ್ಲೂ ಅಂಗೇಯ. ರೇಸ್ಮೆಗೂಡು ತಕಂಡು ಕೊಳ್ಳೇಗಾಲಕ್ಕೋಗೋವಾಗ ಕಂಡಕ್ಟ್ರು ಕಾಲ್ ಮಡಗ್ಕಳಿ ಅಂತ ರೇಗಿದ್ರೆ, ‘ಮನೇಲಿ ಬುಟ್ಟು ಬರಾನ ಅಂದ್ಕಂಡೆ ಕಣಪ್ಪ, ಬುಡ್ಲಿಲ್ಲ’ ಅನ್ನೋಳು.”

ಹೆಂಗಸರು ಅಳುವಿನ ನಡುವೆಯೇ ನಕ್ಕರು. ಒಳಗೆ ನಿಂತಿದ್ದ ಪುಟ್ಟಸಿದ್ದಯ್ಯನಿಗೆ ನಗು ಬರಲಿಲ್ಲ. ಆ ಕಾಲು ಮಡಚದ ಹಾಗೆ ಆದದ್ದು ಯಾಕೆಂದು ಆ ಮನೆಯಲ್ಲಿ ತನಗೊಬ್ಬನಿಗೇ ಗೊತ್ತು ಎಂದು ಅವನು ಹದಿನೇಳು ವರ್ಷದಿಂದ ನಂಬಿಕೊಂಡು ಬಂದಿದ್ದ.

*

ಐವತ್ತೇಳನೆಯ ಇಸವಿ, ಆಷಾಢ. ಹಿಪ್ಪುನೇರಳೆ ಸೊಪ್ಪಿನ ಹೊರೆಯ ಮೇಲೆ ಕೂತು ತೋಟದಿಂದ ಬರುತ್ತಿದ್ದಾಗ, ಬಸ್ಸಿನ ಹಾರನ್ನಿಗೆ ಎತ್ತು ಬೆದರಿ, ಚನ್ನಮಲ್ಲಮ್ಮ ಕೆಳಕ್ಕೆ ಬಿದ್ದು, ಗಾಡಿಯ ಚಕ್ರ ಎಡಗಾಲಿನ ಮೇಲೆ ಹರಿದುಹೋಗಿತ್ತು. ಮೊಣಕಾಲಿನಿಂದ ಮೂರು ಬೆರಳು ಕೆಳಗೆ ಮೂಳೆ ಎರಡಾಗಿತ್ತು. ಅವಳಿಗೆ ಆಗ ಹತ್ತೊಂಬತ್ತು. ಯಳಂದೂರಿನ ಕಡೆಯ ಗಂಡು ಒಪ್ಪಿ ಹೋಗಿ ಹದಿನೈದು ದಿನವಾಗಿತ್ತು.

ಪುಟ್ಟಸಿದ್ದಯ್ಯನಿಗೆ ಇಪ್ಪತ್ತೈದು. ಅಪ್ಪ ತೀರಿಕೊಂಡು ವರ್ಷ ತುಂಬಿರಲಿಲ್ಲ. ಒಬ್ಬನೇ ಕಟ್ಟುವ ದೊಡ್ಡ ಕಟ್ಟು ಅದೇ ಮೊದಲನೆಯದು. ಕಳ್ಳಿ ಬೇಲಿಯ ಮೇಲೆ ಹಬ್ಬಿದ್ದ ಮಂಗರವಳ್ಳಿಯನ್ನು ಕಿತ್ತು ತಂದು, ಆ ನಾಲ್ಕು ಮೂಲೆಯ ಕಾಂಡವನ್ನು ಹಸಿಯಾಗಿಯೇ ಜಜ್ಜಿ, ಹರಳೆಣ್ಣೆಯಲ್ಲಿ ಬಾಡಿಸಿ ಸಿದ್ಧ ಮಾಡಿಕೊಂಡ. ಎಣ್ಣೆ ಇಲ್ಲದಿದ್ದರೆ ಅದು ಮೈಗೆ ತಾಗಿದಲ್ಲೆಲ್ಲ ಕಡಿತ. ಬಿದಿರಿನ ದಬ್ಬೆ ಸೀಳಿಟ್ಟುಕೊಂಡ. ಎಲ್ಲ ಸರಿಯಾಗಿತ್ತು. ಗಾಬರಿಯಲ್ಲಿ ಬಾಯಿ ಮಾತ್ರ ಕೈ ಕೊಟ್ಟಿತು.

“ಕೋಳಿಮೊಟ್ಟೆ ಒಂದ್ ನಾಕು ಒಡ್ದು ಬಿಳೀದು ಕೊಡಿ. ಪಟ್ಟಿ ಗಟ್ಟಿಯಾಯ್ಬೇಕು” ಅಂದುಬಿಟ್ಟ.

ಆ ಲಿಂಗವಂತರ ಮನೆಯಲ್ಲಿ ಒಲೆಯ ಮೇಲಿನ ಹಾಲು ಕೂಡ ಉಕ್ಕುವುದನ್ನು ನಿಲ್ಲಿಸಿರಬೇಕು. ಮುದುಕಿಯೊಬ್ಬಳು ಕಿವಿ ಮುಚ್ಚಿಕೊಂಡಳು. ಅಪ್ಪನಾಗಿದ್ದರೆ ಇಂಥ ಮನೆಗಳಿಗೆ ಕೇಳದೆಯೇ ಉದ್ದಿನ ಹಿಟ್ಟು ಕಲಸುತ್ತಿದ್ದ. ಪುಟ್ಟಸಿದ್ದಯ್ಯನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗ, ನೋವಿನಿಂದ ಮುಖವೆಲ್ಲ ಬೆವೆತು ಮಲಗಿದ್ದ ಹುಡುಗಿ ಕಿಸಕ್ಕನೆ ನಕ್ಕಳು.

“ಮೊಟ್ಟೆ ಬಳ್ಕಂಡು ಲಿಂಗಪೂಜೆ ಮಾಡಾನಾ? ಒಳ್ಳೆ ಕಟ್ಟಿನಯ್ನ ಕರ್ಕಂಬಂದೆ ಕಣಣ್ಣ!”

ಅಷ್ಟೇ. ಮುರಿದ ಕಾಲಿಟ್ಟುಕೊಂಡು ನಗುವವಳನ್ನು ಅವನು ಅಲ್ಲಿಯವರೆಗೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಎಂಟು ದಿನಕ್ಕೊಂದು ಕಟ್ಟು. ಬಿಚ್ಚಿ, ನೋಡಿ, ಹೊಸ ಬಳ್ಳಿ ಅರೆದು ಮತ್ತೆ ಕಟ್ಟಬೇಕು. ಹನೂರಿನಿಂದ ಕೌದಳ್ಳಿಗೆ ನಡೆದೇ ಬರುತ್ತಿದ್ದ. ಎರಡನೆಯ ಸಲ ಅವಳು, ಪಟ್ಟಿಗೆ ಬಳಿದಿದ್ದ ಉದ್ದಿನ ಹಿಟ್ಟು ತೋರಿಸಿ, “ನಿಮ್ಮ ದೋಸೆಹಿಟ್ಟಿಗೆ ಇರುವೆ ಬಂದವೆ” ಎಂದು ದೂರಿದಳು. ಮೂರನೆಯ ಸಲ, “ಸೂರು ನೋಡಿ ನೋಡಿ ಸಾಕಾಗದೆ. ದಾರೀಲಿ ಏನ್ ಕಂಡ್ರಿ, ಏಳಿ” ಅಂದಳು. ಅವನು ಏನೂ ಕಂಡಿರಲಿಲ್ಲ. ದಾರಿಯನ್ನು ನೋಡುತ್ತ ನಡೆಯುವ ಅಭ್ಯಾಸವೇ ಅವನಿಗಿರಲಿಲ್ಲ.

ಆಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಡೆದ. ಆನೆ ದಾಟಿ ಹೋದ ಕಡೆ ಮುರಿದುಬಿದ್ದ ಬಿದಿರು, ಮಾರ್ಟಳ್ಳಿಯ ಕಡೆಯಿಂದ ತಲೆಯ ಮೇಲೆ ಏಳು ಮಡಕೆ ಹೊತ್ತು ಬಂದ ಹೆಂಗಸು, ಮಂಗರವಳ್ಳಿಯನ್ನು ನೋಡಿ “ಇದು ಪಿರಂಡೈ, ನಾವು ಚಟ್ನಿಯಂಗೆ ತೊಗೈಲು ಅರೆದು ತಿಂತೀವಿ” ಎಂದು ವಾದಕ್ಕೆ ನಿಂತ ತಮಿಳಿನ ಮುದುಕ, ಎಲ್ಲವನ್ನೂ ಜೋಪಾನವಾಗಿ ತಂದು ಅವಳ ಮುಂದೆ ಇಟ್ಟ. ರುದ್ರಸ್ವಾಮಿ ಬಾಗಿಲಲ್ಲಿ ಕೂತಿರುತ್ತಿದ್ದ. ಅತ್ತಿಗೆ ಮಹಾದೇವಮ್ಮ ಬಿಸಿನೀರು ಹಿಡಿದು ನಿಂತಿರುತ್ತಿದ್ದಳು. ಆಡಬಾರದ ಮಾತು ಒಂದನ್ನೂ ಅವರಿಬ್ಬರೂ ಆಡಲಿಲ್ಲ.

ಐದನೆಯ ಕಟ್ಟು ಬಿಚ್ಚಿದ ದಿನ ಅವನು ಮೂಳೆಯ ಉದ್ದಕ್ಕೂ ಹೆಬ್ಬೆರಳು ಒತ್ತಿ ನೋಡಿದ. ಮುರಿದ ಕಡೆ ನೆಲ್ಲಿಕಾಯಿಯಷ್ಟು ಗಂಟು ಕಟ್ಟಿ ಕಲ್ಲಿನಂತೆ ಕೂಡಿಕೊಂಡಿತ್ತು. ಇನ್ನು ಹರಳೆಣ್ಣೆ ನೀವಿ ಮೊಣಕಾಲು ಆಡಿಸಲು ಹೇಳಿ, ಎಲೆಅಡಿಕೆ ತೆಗೆದುಕೊಂಡು ಮನೆಗೆ ಹೋಗುವುದು. ಐದರ ಮೇಲೆ ಕಟ್ಟಬೇಡ, ಕೀಲು ಹಿಡಿದುಕೊಳ್ಳುತ್ತದೆ ಎಂದು ಅಪ್ಪ ಕೈ ಹಿಡಿದು ಹೇಳಿಕೊಟ್ಟಿದ್ದ.

“ಆಯ್ತಾ ಪುಟ್ಟಸಿದ್ದಯ್ಯ?” ಎಂದು ರುದ್ರಸ್ವಾಮಿ ಕೇಳಿದ. “ಗಂಡಿನೋರು ಏಳಿ ಕಳ್ಸವ್ರೆ. ಶ್ರಾವಣಕ್ಕಾಗ್ದಿದ್ರೆ ಕಾರ್ತಿಕಕ್ಕೆ ಮಾಡಾನ ಅಂತಾರೆ.”

ಆಯ್ತು ಅನ್ನುವುದು ಎರಡಕ್ಷರದ ಮಾತು. ಪುಟ್ಟಸಿದ್ದಯ್ಯ ಬಿಚ್ಚಿಟ್ಟ ದಬ್ಬೆಯನ್ನು ಮತ್ತೆ ಕೈಗೆತ್ತಿಕೊಂಡ.

“ಇನ್ನೊಂದ್ ಕಟ್ಟು ಬೇಕು ಯಜಮಾನ್ರೆ” ಅಂದ.

ಚನ್ನಮಲ್ಲಮ್ಮ ಸೂರು ನೋಡುತ್ತ ಸುಮ್ಮನೆ ಮಲಗಿದ್ದಳು. ಒಂದೇ ಒಂದು, ಎಂಟೇ ದಿನ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಆರನೆಯದನ್ನು ಕಟ್ಟಿದ. ಏಳನೆಯದನ್ನೂ ಹಾಗೆಯೇ ಕಟ್ಟಿದ. ಹನ್ನೊಂದನೆಯದನ್ನು ಬಿಚ್ಚಿದ ದಿನ ಮೊಣಕಾಲು ಮರವಾಗಿತ್ತು. ತಿಂಗಳುಗಟ್ಟಲೆ ಎಣ್ಣೆ ನೀವಿದರೂ ಒಂದು ಬೆರಳಿನಷ್ಟು ಬಗ್ಗಲಿಲ್ಲ. ಗಂಡಿನವರು ಬಂದು ನೋಡಿ, ಹಸೆಮಣೆಯ ಮೇಲೆ ಕಾಲು ಚಾಚಿ ಕೂರುವ ಹೆಣ್ಣು ಬೇಡವೆಂದು ಎದ್ದುಹೋದರು. ಮನೆಯವರು ಕೇಳಿದಾಗ ಪುಟ್ಟಸಿದ್ದಯ್ಯ, “ಬಳ್ಳಿ ಶಕ್ತಿ ಜಾಸ್ತಿ ಆಗೋಯ್ತು. ಮೂಳೆ ಕೀಲಿನವರ್ಗೂ ಬೆಳ್ಕಬುಡ್ತು” ಅಂದ. ಅವರು ನಂಬಿದರು. ಅದು ಅವನಿಗೆ ಹೊಡೆತಕ್ಕಿಂತ ಹೆಚ್ಚು ನೋಯಿತು.

*

ಹತ್ತು ವರ್ಷದ ಮೇಲೆ, ಮೈಸೂರಿನಲ್ಲಿ ಡಾಕ್ಟರಿಕೆಯ ಹುಡುಗರಿಗೆ ಪಾಠ ಹೇಳುವ ಮೇಷ್ಟರೊಬ್ಬರು ಜೀಪಿನಲ್ಲಿ ಹನೂರಿಗೆ ಬಂದಿದ್ದರು. ಹಿಂದಿನ ವರ್ಷ ಪುಟ್ಟಸಿದ್ದಯ್ಯನಿಂದ ಒಂದು ಚೀಲ ಮಂಗರವಳ್ಳಿ ತೆಗೆದುಕೊಂಡು ಹೋಗಿದ್ದವರು ಈಗ ಅದರ ಫಲ ತೋರಿಸಲು ಮೈಕ್ರೋಸ್ಕೋಪನ್ನೇ ಹೊತ್ತು ತಂದಿದ್ದರು. ಪ್ರವಾಸಿ ಬಂಗಲೆಯ ಕಿಟಕಿಯ ಬೆಳಕಿಗೆ ಅದನ್ನು ಇಟ್ಟು, “ಒಂದು ಕಣ್ಣು ಮುಚ್ಚಿ ನೋಡಿ” ಅಂದರು.

ಚೆಲ್ಲಿದ ಮೆಂತ್ಯದಂತೆ ಏನೋ ಒತ್ತೊತ್ತಾಗಿ ಕಂಡಿತು.

“ಅದು ಇಲಿಯ ಮೂಳೆ. ಮುರಿದ ಜಾಗ. ಒಂದೊಂದು ಕಾಳೂ ಮೂಳೆ ಕಟ್ಟುವ ಜೀವಕೋಶ. ನಿಮ್ಮ ಬಳ್ಳಿಯ ಸಾರ ತೆಗೆದು ಕೊಟ್ಟ ಇಲಿಗಳಲ್ಲಿ ಇವು ಬೇಗ ಬೆಳೆದಿವೆ, ಬೇರೆ ಇಲಿಗಳಲ್ಲಿ ಇಷ್ಟಿಲ್ಲ. ಬಳ್ಳಿಯೊಳಗೆ ಇದನ್ನು ಮಾಡುವ ಅಂಶ ಯಾವುದೋ ಇದೆ. ನಿಮ್ಮ ತಾತನಿಗೆ ಹೇಗೆ ಗೊತ್ತಾಯಿತೋ!”

ಹೊಗಳಿಕೆ ಕೇಳಿ ಬೇರೆಯವನಾದರೆ ಉಬ್ಬಿಹೋಗುತ್ತಿದ್ದ. ಪುಟ್ಟಸಿದ್ದಯ್ಯನಿಗೆ ಬೇಕಾದದ್ದು ಬೇರೆ ಇತ್ತು. ಹತ್ತು ವರ್ಷ ಹೇಳಿಕೊಂಡು ಬಂದ ಸುಳ್ಳು ಸುಳ್ಳಲ್ಲದೆ ಹೋದರೆ ಸಾಕಾಗಿತ್ತು.

“ಸಾ, ಈ ಬಳ್ಳಿ ಜಾಸ್ತಿ ಆದ್ರೆ ಮೂಳೆ ಕೀಲ್ಗೂ ಬೆಳ್ದು ಕಾಲು ಮಡುಸ್ದಂಗೆ ಮಾಡ್ಬುಡ್ತದಾ?”

“ಇಲ್ಲವಲ್ಲ” ಅಂದರು ಮೇಷ್ಟರು. “ಮುರಿದ ಕಡೆ ಬಿಟ್ಟು ಬೇರೆ ಕಡೆ ಬೆಳೆದದ್ದನ್ನ ನಾನು ಕಾಣಲಿಲ್ಲ. ಕೀಲು ಹಿಡಿಯೋದು ಬಳ್ಳಿಯಿಂದ ಅಲ್ಲ. ಆಡಿಸದೆ ಬಹಳ ದಿನ ಕಟ್ಟಿ ಇಟ್ಟರೆ ಹಿಡಿಯುತ್ತೆ. ಯಾಕೆ, ಯಾರಿಗಾದರೂ ಹಾಗಾಗಿತ್ತೇ?”

“ಇಲ್ಲ ಸಾ. ಸುಮ್ನೆ ಕೇಳ್ದೆ.”

ಮಾರನೆಯ ದಿನ ಕೌದಳ್ಳಿಗೆ ಹೋದ. ಎಲ್ಲ ಒಪ್ಪಿಕೊಂಡುಬಿಡಬೇಕೆಂದೇ ಹೋಗಿದ್ದ. ಚನ್ನಮಲ್ಲಮ್ಮ ರೇಷ್ಮೆಹುಳುವಿನ ಮನೆಯಲ್ಲಿ ತಟ್ಟೆಗಳಿಗೆ ಸೊಪ್ಪು ಹಾಕುತ್ತ ನಿಂತಿದ್ದಳು. ಕೂತು ಮಾಡುವ ಕೆಲಸವೆಲ್ಲ ಕೈತಪ್ಪಿ ಹೋದ ಮೇಲೆ ನಿಂತು ಮಾಡುವ ಈ ಕೆಲಸದಲ್ಲಿ ಸುತ್ತಮುತ್ತ ಅವಳನ್ನು ಮೀರಿಸುವವರು ಇರಲಿಲ್ಲ. ಅವನಿಗೆ ಮಜ್ಜಿಗೆ ತಂದುಕೊಟ್ಟು, ಮಕ್ಕಳೆಷ್ಟು, ಏನು ಓದುತ್ತವೆ ಎಂದು ಕೇಳಿದಳು. ಅವನು ಮಜ್ಜಿಗೆ ಕುಡಿದು, ಮಕ್ಕಳ ಹೆಸರು ಹೇಳಿ, ಎದ್ದುಬಂದ. ಅಷ್ಟೇ ಆದದ್ದು. ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಆ ಮನೆಯ ಕಡೆಯ ಕಿಟಕಿಗೇ ಕೂರುವುದನ್ನು ಮಾತ್ರ ಅವನು ಬಿಡಲಿಲ್ಲ. ಅವಳು ಕಂಡ ದಿನ ಊಟ ರುಚಿಯಾಗುತ್ತಿತ್ತು.

*

“ಎಲ್ರೂ ಆಚೀಗಿರಿ. ಅಮ್ಮಾರು ಒಬ್ರು ಇರ್ಲಿ” ಎಂದ ಪುಟ್ಟಸಿದ್ದಯ್ಯ.

ಗಂಡಸರು ಹೊರಗೆ ಹೋದರು. ಮಹಾದೇವಮ್ಮ ಬಾಗಿಲು ಮುಂದೆ ಮಾಡಿ ನಾದಿನಿಯ ತಲೆಯ ಹತ್ತಿರ ಕೂತಳು. ಅವನು ಎಂದಿನಂತೆ ಪಾದದ ಕಡೆ ಕುಳಿತು ಎರಡೂ ಕೈಗಳಿಂದ ಆ ಕಾಲನ್ನು ಹಿಡಿದುಕೊಂಡ. ತಣ್ಣಗಿತ್ತು. ಹೆಬ್ಬೆರಳು ತಾನಾಗಿಯೇ ಮೊಣಕಾಲಿನಿಂದ ಮೂರು ಬೆರಳು ಕೆಳಗಿನ ಗಂಟಿಗೆ ಹೋಗಿ ನಿಂತಿತು. ಜನ್ಮದಲ್ಲಿ ಅವನು ಸಾವಿರ ಮೂಳೆ ಕೂಡಿಸಿದ್ದ, ಇಷ್ಟು ಚೆನ್ನಾಗಿ ಕೂಡಿದ್ದು ಇನ್ನೊಂದಿರಲಿಲ್ಲ. ಗುಂಡುಕಲ್ಲಿನ ಕಡೆ ಒಮ್ಮೆ ನೋಡಿದ. ಹದಿನೇಳು ವರ್ಷದ್ದು ಒಟ್ಟಿಗೇ ಒತ್ತರಿಸಿ ಬಂದು ಬಿಕ್ಕಿ ಬಿಕ್ಕಿ ಅತ್ತ.

“ಅಮ್ಮಾ, ಬಳ್ಳಿದಲ್ಲ ತಪ್ಪು. ನಂದು. ಐದ್ನೇ ಕಟ್ಗೇ ಮೂಳೆ ಕೂಡಿತ್ತು. ಇಲ್ಲಿಗ್ ಬರೋದು ನಿಂತೋಯ್ತದಲ್ಲಾ ಅಂತ ಕಟ್ತಾ ಓದೆ. ಇವರ್ನ ನೋಡ್ದೆ ಇರಕ್ಕಾಯ್ತಿರ್ಲಿಲ್ಲ ಕಣವ್ವ. ಅದ್ಕೆ ಇವರ ಬಾಳ್ನೇ ಆಳು ಮಾಡ್ಬುಟ್ಟೆ.”

ಮಹಾದೇವಮ್ಮ ನಾದಿನಿಯ ಹಣೆಯ ವಿಭೂತಿಯನ್ನು ಸರಿಮಾಡಿದಳು.

“ಐದ್ನೇ ಕಟ್ಟು ಇರೋವಾಗ್ಲೇ ಅವ್ಳ್ಗೆ ಗೊತ್ತಾಗಿತ್ತು ಕಣಪ್ಪ” ಎಂದಳು.

“ಏನು?”

“ಒಂದಿನ ಮದ್ಯಾನ, ಇವ್ರೆಲ್ಲ ತ್ವಾಟಕ್ಕೋಗಿದ್ರು. ಗ್ವಾಡೆ ಇಡ್ಕಂಡು ನಡ್ಕಂಡು ಅಡಿಗೆಮನೆಗೇ ಬಂದ್ಬುಟ್ಲು. ‘ಅತ್ಗೆ, ನೋವೇ ಇಲ್ಲ, ಕೂಡದೆ’ ಅಂದ್ಲು. ನಿಮ್ಮಣ್ಣನ್ಗೆ ಏಳ್ತೀನಿ ಅಂತ ನಾನು ಎದ್ರೆ ನನ್ನ ಬಾಯಿ ಮುಚ್ಚುದ್ಲು. ‘ಏಳ್ಬ್ಯಾಡಿ ಅತ್ಗೆ. ಅವ್ರು ಇನ್ನೊಂದ್ ಕಟ್ಟು ಕಟ್ಲಿ. ಎಂಟು ದಿನ ತಾನೆ’ ಅಂದ್ಲು. ಎಂಟು ದಿನ, ಎಂಟು ದಿನ ಅಂತ ನಾನೂ ಸುಮ್ನಿದ್ದೆ. ಕೀಲು ಇಡ್ಕತದೆ ಅಂತ ಎಂಗಸ್ರು ನಮ್ಗೇನ್ ಗೊತ್ತು?”

ಪುಟ್ಟಸಿದ್ದಯ್ಯನ ಕೈ ಆ ಪಾದದ ಮೇಲೆ ಹಾಗೆಯೇ ಉಳಿಯಿತು. “ನಂಗ್ ಗೊತ್ತಿತ್ತು” ಎಂದ.

“ಒಂದಿನ್ಕೂ ನಿನ್ನ ಬಯ್ಲಿಲ್ಲ. ಬೆಟ್ಟದ ಬಸ್ಸು ಬರೋ ಹೊತ್ಗೆ ರೇಸ್ಮೆ ಉಳಿನ್ ಮನೆ ಬಾಗ್ಲಲ್ಲಿ ನಿಂತ್ಕಳೋಳು. ಯಾಕವ್ವ ಅಂದ್ರೆ, ಗಾಳಿಗೆ ಅನ್ನೋಳು.” ಮಹಾದೇವಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. “ಇವ್ರಿಗೆ ಇದ್ಯಾವ್ದೂ ಗೊತ್ತಿಲ್ಲ. ಅವ್ಳ ಎಸ್ರು ಎತ್ಬ್ಯಾಡ ಕಣಪ್ಪ.”

ಅವನಿಗೆ ಸಂತೋಷವೂ ಆಯಿತು, ಅದಕ್ಕಿಂತ ಹತ್ತು ಪಾಲು ಸಂಕಟವೂ ಆಯಿತು. ಒಂದು ಸಲ ಕೇಳಿದ್ದರೆ! ಆ ಮಜ್ಜಿಗೆ ಕುಡಿದ ದಿನವಾದರೂ ಬಾಯಿ ಬಿಟ್ಟಿದ್ದರೆ! ಎದ್ದು ಗುಂಡುಕಲ್ಲನ್ನು ಎತ್ತಿಕೊಂಡು ಬಾಗಿಲು ತೆರೆದು ಹೊರಗೆ ಬಂದ.

“ಆಯ್ತಾ?” ಎಂದ ರುದ್ರಸ್ವಾಮಿ.

ಪುಟ್ಟಸಿದ್ದಯ್ಯ ಕಲ್ಲನ್ನು ಅಂಗಳದ ಮೂಲೆಗೆ ಇಟ್ಟ.

“ನಾನ್ ಮುರ್ಯಕಿಲ್ಲ ಯಜಮಾನ್ರೆ. ಬ್ಯಾರೆಯೋರ್ಗೂ ಮುರ್ಯಕ್ ಬುಡಕಿಲ್ಲ. ಅವತ್ತು ನಾನ್ ಏಳಿದ್ದು ಸುಳ್ಳು. ಐದ್ನೇ ಕಟ್ಗೇ ಬುಚ್ಬೇಕಾಗಿತ್ತು. ಅನ್ನೊಂದರ್ಗಂಟ ಕಟ್ದೆ. ಕೀಲು ಇಡ್ಸಿದ್ದು ನನ್ ಕೈ, ಬಳ್ಳಿ ಅಲ್ಲ.”

“ತಿಳೀದೆ ಕಟ್ಟಿದ್ಯಾ?”

“ತಿಳ್ದೇ ಕಟ್ಟಿದ್ದು.”

“ಯಾಕೆ?”

ಆ ಪ್ರಶ್ನೆಗೆ ಒಂದೇ ಉತ್ತರವಿತ್ತು. ಅದನ್ನು ಆಡಿದರೆ ಇಡೀ ಊರಿನ ಬಾಯಲ್ಲಿ ಸತ್ತವಳ ಹೆಸರು ಬೀಳುತ್ತಿತ್ತು. ಪುಟ್ಟಸಿದ್ದಯ್ಯ ತಲೆ ತಗ್ಗಿಸಿ ನಿಂತ. ರುದ್ರಸ್ವಾಮಿ ಎರಡು ಹೆಜ್ಜೆ ಮುಂದೆ ಬಂದು ಕೈ ಎತ್ತಿದ. ಬಾಗಿಲಲ್ಲಿ ನಿಂತಿದ್ದ ತನ್ನ ಹೆಂಡತಿ ಮಹಾದೇವಮ್ಮನ ಮುಖ ಕಾಣಿಸಿತು. ಅವಳು ಕಣ್ಣು ತಗ್ಗಿಸಿದಳು. ಅವನು ಅವಳನ್ನೊಮ್ಮೆ, ಇವನನ್ನೊಮ್ಮೆ ನೋಡಿದ. ಎತ್ತಿದ ಕೈ ನಿಧಾನವಾಗಿ ಇಳಿಯಿತು.

“ಇವತ್ ಬ್ಯಾಡ” ಅಂದ. “ಇವತ್ತು ಅವ್ಳುನ್ನ ಕಳ್ಸಬೇಕು.”

“ಕಳ್ಸೋದೆಂಗೆ, ಅದೇಳು ಮೊದ್ಲು” ಎಂದು ದೊಡ್ಡಮಾದಪ್ಪ ಸಿಡುಕಿದ.

ಜಗಲಿಯ ಮೇಲೆ ಇಷ್ಟು ಹೊತ್ತೂ ಸುಮ್ಮನೆ ಕೂತು ಬಿಲ್ವಪತ್ರೆ ಆಯುತ್ತಿದ್ದ ಮಠದ ಅಯ್ಯನವರು ಆಗ ಬಾಯಿಬಿಟ್ಟರು.

“ರುದ್ರಸ್ವಾಮಿ, ಇವ್ಳು ದಿನಾ ಲಿಂಗಪೂಜೆಗೆ ಎಂಗ್ ಕೂತ್ಕತಿದ್ಲು?”

“ಎಡಗಾಲು ಚಾಚ್ಕಂಡೇ ಅಯ್ನೋರೆ. ಇನ್ನೆಂಗೆ ಕೂತಾಳು?”

“ಅದಿನೇಳ್ ವರ್ಸ ಲಿಂಗಯ್ಯ ಆ ಕಾಲ್ ನೋಡ್ಕಂಡೇ ಪೂಜೆ ಈಸ್ಕಂಡವ್ನೆ. ಇವತ್ತೊಂದಿನ ಬ್ಯಾಡ ಅಂದಾನಾ? ಓಗಿ ಗುಣಿ ದೊಡ್ದು ಮಾಡ್ಸಿ. ಅವ್ಳು ಎಂಗ್ ಕೂತಿದ್ಲೋ ಅಂಗೇ ಕೂತ್ಕಳ್ಲಿ.”

ಅಯ್ಯನವರ ಮಾತಿನ ಮೇಲೆ ಮಾತಾಡುವ ಧೈರ್ಯ ದೊಡ್ಡಮಾದಪ್ಪನಿಗಿರಲಿಲ್ಲ. ಮಾತಾಡಬೇಕೆನ್ನುವ ಆಸೆಯಂತೂ ಮುಖದ ಮೇಲೆ ಎದ್ದು ಕಾಣುತ್ತಿತ್ತು.

*

ಹೊಲದ ಮೂಲೆಯಲ್ಲಿ ಮಾರಯ್ಯ ಮೂರಡಿ ಚೌಕದ ಗುಣಿ ತೋಡಿ ಮುಗಿಸಿ ಬೀಡಿ ಹಚ್ಚಿದ್ದ. ಪುಟ್ಟಸಿದ್ದಯ್ಯ ಬಂದವನೇ ಪಂಚೆ ಎತ್ತಿಕಟ್ಟಿ ಗುಣಿಗೆ ಇಳಿದು ಗುದ್ದಲಿ ಕೈಗೆತ್ತಿಕೊಂಡ. ಒಂದು ಮಗ್ಗುಲಿನ ಮಣ್ಣನ್ನು ಮೇಲಿನಿಂದ ತಳದವರೆಗೂ, ಕಾಲು ಚಾಚುವಷ್ಟು ಉದ್ದದ ಕಾಲುವೆಯಾಗಿ ಕಡಿಯತೊಡಗಿದ.

“ಅಳ್ತೆ ತರ್ಲಾ?” ಎಂದ ಮಾರಯ್ಯ.

“ಬ್ಯಾಡ. ಗೊತ್ತು.”

ಮನೆಗೆ ಮರಳಿದಾಗ ಅವಳನ್ನು ಮೀಸಿ, ಹೊಸ ಸೀರೆ ಉಡಿಸಿ, ಬಿದಿರಿನ ವಿಮಾನದಲ್ಲಿ ಕೂರಿಸಿ ಹೂವು ಕಟ್ಟಿದ್ದರು. ಎಡಗಾಲು ವಿಮಾನದಿಂದ ಆಚೆಗೆ ಚಾಚಿಕೊಂಡಿತ್ತು. ನಾಲ್ವರು ಎತ್ತಿ ಹೆಜ್ಜೆಯಿಟ್ಟ ಕೂಡಲೇ ಪಾದ ಬಾಗಿಲವಾಡಕ್ಕೆ ತಗಲುವಂತಾಯಿತು. ಹೆಂಗಸರು ‘ಅಯ್ಯೋ’ ಅಂದರು.

“ಯಾರಾರ ಕಾಲ್ ಇಡ್ಕಳ್ರಪ್ಪ” ಎಂದರು ಅಯ್ಯನವರು.

ಹಿಡಿದುಕೊಳ್ಳಲು ಹೋದ ಹುಡುಗನನ್ನು ರುದ್ರಸ್ವಾಮಿ ತಡೆದ. ಪುಟ್ಟಸಿದ್ದಯ್ಯ ದೂರದಲ್ಲಿ ಬೇಲಿಯ ಹತ್ತಿರ ನಿಂತಿದ್ದ. ರುದ್ರಸ್ವಾಮಿ ಅವನ ಮುಖ ನೋಡದೆ ಹೇಳಿದ.

“ನೀನೇ ಇಡ್ಕ ಬಾ.”

ಊರ ಬೀದಿಯ ಉದ್ದಕ್ಕೂ, ಜಾಗಟೆಯ ಸದ್ದಿನ ನಡುವೆ, ಎರಡೂ ಅಂಗೈಯಲ್ಲಿ ಆ ಹಿಮ್ಮಡಿಯನ್ನು ಹಿಡಿದುಕೊಂಡು ಪುಟ್ಟಸಿದ್ದಯ್ಯ ನಡೆದ. ವಿಮಾನ ವಾಲಿದರೆ ಅವನೂ ವಾಲಿದ. ಕಲ್ಲು ಬಂದ ಕಡೆ ಹೊತ್ತವರಿಗೆ ಮೆಲ್ಲಗೆ ಎಚ್ಚರ ಹೇಳಿದ. ಅವಳ ಜೊತೆ ಅವನು ನಡೆದ ದಾರಿ ಬದುಕಿನಲ್ಲಿ ಅದೊಂದೇ. ಅದು ಮುಗಿಯದಿರಲಿ ಅನ್ನಿಸಿತು. ಕೌದಳ್ಳಿ ಅಷ್ಟೇನೂ ದೊಡ್ಡ ಊರಲ್ಲ.

ಗುಣಿಯಲ್ಲಿ ಅವಳು ಸರಿಯಾಗಿ ಕೂತಳು. ಕಾಲು ಕಾಲುವೆಯಲ್ಲಿ ಒಂದು ಬೆರಳೂ ಹೆಚ್ಚುಕಡಿಮೆಯಾಗದೆ ಕೂತುಕೊಂಡಿತು. ಎಡಗೈಯಲ್ಲಿ ಲಿಂಗವಿಟ್ಟರು. ವಿಭೂತಿ, ಉಪ್ಪು, ಪತ್ರೆ ಹಾಕಿ, ಮಣ್ಣು ಎಳೆದರು.

ಎಲ್ಲ ಮುಗಿಯುವಾಗ ಹೊತ್ತು ಇಳಿಮುಖವಾಗಿತ್ತು. ಅವರ ಮನೆತನದ ಏಳೆಂಟು ಸಮಾಧಿಗಳು ಅಲ್ಲಿದ್ದವು, ಎಲ್ಲವೂ ಚೌಕ. ಚನ್ನಮಲ್ಲಮ್ಮನ ಸಮಾಧಿಯ ಒಂದು ಮಗ್ಗುಲಿಂದ ಮಾತ್ರ ಮಣ್ಣಿನ ದಿಂಡೊಂದು ಉದ್ದಕ್ಕೆ ಚಾಚಿಕೊಂಡು ಕಾಲುದಾರಿಗೆ ಅಡ್ಡವಾಗಿತ್ತು. ಮನೆಗೆ ಹೋಗಿ ಸ್ನಾನ ಮಾಡುವ ಆತುರದಲ್ಲಿದ್ದ ದೊಡ್ಡಮಾದಪ್ಪ ಪಂಚೆ ಎತ್ತಿಕೊಂಡು ಅದನ್ನು ದಾಟಲು ಒಂದು ಕಾಲು ಮೇಲಕ್ಕೆತ್ತಿದ.

ರುದ್ರಸ್ವಾಮಿ ಅವನ ತೋಳು ಹಿಡಿದು ಹಿಂದಕ್ಕೆಳೆದ.

“ದಾಟ್ಬ್ಯಾಡ ಚಿಕ್ಕಪ್ಪ. ಕಾಲದೆ.”

ದೊಡ್ಡಮಾದಪ್ಪ ಎತ್ತಿದ ಕಾಲನ್ನು ಇಳಿಸಿ, ಸುತ್ತು ಹಾಕಿಕೊಂಡು ಹೋದ. ಅವನ ಹಿಂದೆ ಅಯ್ಯನವರು, ಮಾರಯ್ಯ, ಹೊತ್ತವರು, ಚಿಕ್ಕನಿಂಗಮ್ಮ, ಎಲ್ಲರೂ ಸುತ್ತು ಹಾಕಿಕೊಂಡೇ ಹೋದರು. ದಿಂಡಿನ ತುದಿಯಲ್ಲಿ, ಪಾದವಿರುವ ಕಡೆ, ಪುಟ್ಟಸಿದ್ದಯ್ಯ ನೆಲದ ಮೇಲೆ ಕುಳಿತಿದ್ದ. ರುದ್ರಸ್ವಾಮಿ ಕೊನೆಗೆ ಉಳಿದವನು, ಅವನ ಹತ್ತಿರ ಬಂದು ನಿಂತ.

“ಅನೂರ್ ಬಸ್ಸು ಇದೇ ಕೊನೇದು” ಎಂದ.

“ಓಗ್ಲಿ ಬುಡಿ” ಎಂದ ಪುಟ್ಟಸಿದ್ದಯ್ಯ.

ರುದ್ರಸ್ವಾಮಿ ಆ ದಿಂಡನ್ನೂ ಅದರ ತುದಿಯಲ್ಲಿ ಕುಳಿತವನನ್ನೂ ಬಳಸಿಕೊಂಡು ಮನೆಯ ಕಡೆ ನಡೆದ.